ಹೈಡ್ರೋಜನ್ ಗ್ರಾಹಿ ಗುಂಪುಗಳು

ಹೈಡ್ರೋಜನ್ ಗ್ರಾಹಿ ಗುಂಪು ಎಂದರೆ ಬೇರೊಂದು ಪರಮಾಣುವಿಗೆ ಈಗಾಗಲೇ ಬಂಧಿತವಾಗಿರುವ ಹೈಡ್ರೋಜನನ್ನು (ಜಲಜನಕ) ತನ್ನ ಎಲೆಕ್ಟ್ರಾನುಗಳಿಂದ ಸೆಳೆದು, ಅದರೊಡನೆ ಹೈಡ್ರೋಜನ್ ಬಂಧವನ್ನು ಏರ್ಪಡಿಸಿಕೊಳ್ಳಬಲ್ಲ ಪರಮಾಣು ಅಥವಾ ಪರಮಾಣುಗಳ ಗುಂಪು. ಹೈಡ್ರೋಜನನ್ನು ಒಡ್ಡುವ ಗುಂಪನ್ನು ದಾನಿ ಎಂದೂ ಅದನ್ನು ಸ್ವೀಕರಿಸುವ ಗುಂಪನ್ನು ಗ್ರಾಹಿ ಎಂದೂ ಕರೆಯುತ್ತಾರೆ. ಆಮ್ಲಜನಕ, ಸಾರಜನಕ ಮತ್ತು ಫ್ಲೋರಿನ್ ಇರುವ ಗುಂಪುಗಳು ಸಾಮಾನ್ಯವಾಗಿ ಗ್ರಾಹಿಗಳಾಗಿ ವರ್ತಿಸುತ್ತವೆ. ರಾಸಾಯನಿಕ ಕ್ರಿಯೆಯ ವೇಗ, ಕರಗುವಿಕೆ, ಕಿಣ್ವಗಳ ಕಾರ್ಯ, ಎರಡು ಪಾಲಿಮರುಗಳು ಒಂದರೊಳಗೊಂದು ಬೆರೆಯುವುದು ಅಥವಾ ಬೆರೆಯದಿರುವುದು ಮುಂತಾದವು ಬಹುಮಟ್ಟಿಗೆ ಇವನ್ನು ಅವಲಂಬಿಸಿವೆ.

ಗ್ರಾಹಿ ಗುಂಪಿನ ಪರಿಣಾಮವು ಅದರ ಸ್ವಂತ ಬಲವೊಂದರಿಂದಲೇ ನಿರ್ಧಾರವಾಗುವುದಿಲ್ಲ. ಅದೇ ಹೈಡ್ರೋಜನಿಗಾಗಿ ಅಥವಾ ಅದೇ ಗ್ರಾಹಿಗಾಗಿ ಸುತ್ತಲಿನ ಬೇರೆ ಅಣುಗಳು, ಮುಖ್ಯವಾಗಿ ನೀರು, ನಡೆಸುವ ಪೈಪೋಟಿಯೂ ಅಷ್ಟೇ ಮುಖ್ಯ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ಸೀಮೆಯಲ್ಲಿ ದಿನಬಳಕೆಗೆ ಬರುವ ರೇಷ್ಮೆ, ಕಂಬಳಿ, ಎಣ್ಣೆ ಹಾಗೂ ಅಲ್ಲಿನ ಫ್ಲೋರೈಡ್‌ಯುಕ್ತ ಅಂತರ್ಜಲ ಈ ತತ್ತ್ವಕ್ಕೆ ಉತ್ತಮ ನಿದರ್ಶನಗಳು.

ಪದದ ಮೂರು ಅರ್ಥಗಳು

ರಸಾಯನಶಾಸ್ತ್ರದಲ್ಲಿ ಒಂದು ವಸ್ತು ಹೈಡ್ರೋಜನನ್ನು ಸ್ವೀಕರಿಸುತ್ತದೆ ಎಂಬ ಮಾತಿಗೆ ಮೂರು ಬೇರೆ ಬೇರೆ ಅರ್ಥಗಳಿವೆ. ವಿದ್ಯಾರ್ಥಿಗಳು ಇವನ್ನು ಒಂದೆಂದು ತಿಳಿಯುವ ಸಾಧ್ಯತೆ ಇರುವುದರಿಂದ ವ್ಯತ್ಯಾಸವನ್ನು ಮೊದಲೇ ಗಮನಿಸಬೇಕು.

ಮೊದಲನೆಯದು, ಹೈಡ್ರೋಜನ್ ಬಂಧದ ಗ್ರಾಹಿ. ಇಲ್ಲಿ ಹೈಡ್ರೋಜನ್ ತನ್ನ ಮೂಲ ಪರಮಾಣುವನ್ನು ಬಿಟ್ಟು ಹೋಗುವುದಿಲ್ಲ. ಗ್ರಾಹಿಯ ಕಡೆಗೆ ವಾಲಿ ನಿಲ್ಲುತ್ತದೆ. ಈ ಲೇಖನದ ಮುಖ್ಯ ವಸ್ತು ಇದೇ.

ಎರಡನೆಯದು, ಪ್ರೋಟಾನ್ ಗ್ರಾಹಿ, ಅಂದರೆ ಪ್ರತ್ಯಾಮ್ಲ. ಇಲ್ಲಿ ಹೈಡ್ರೋಜನ್ ತನ್ನ ಎಲೆಕ್ಟ್ರಾನನ್ನು ಹಿಂದೆ ಬಿಟ್ಟು ಧನ ಅಯಾನಾಗಿ ಗ್ರಾಹಿಯನ್ನು ಸೇರುತ್ತದೆ. ಅಮೋನಿಯ ಆಮ್ಲದೊಡನೆ ವರ್ತಿಸಿ ಅಮೋನಿಯಂ ಅಯಾನು ಆಗುವುದು ಇದಕ್ಕೆ ಉದಾಹರಣೆ.

ಮೂರನೆಯದು, ಉತ್ಕರ್ಷಣ ಮತ್ತು ಅಪಕರ್ಷಣ ಕ್ರಿಯೆಗಳಲ್ಲಿನ ಹೈಡ್ರೋಜನ್ ಗ್ರಾಹಿ. ಇಲ್ಲಿ ಹೈಡ್ರೋಜನ್ ಎಲೆಕ್ಟ್ರಾನುಗಳ ಸಮೇತ ವರ್ಗಾವಣೆಯಾಗುತ್ತದೆ. 1937ರಲ್ಲಿ ಪ್ರಕಟವಾದ ಓಪೆನವರ್ ಉತ್ಕರ್ಷಣದಲ್ಲಿ ಅಸಿಟೋನ್ ಇಂತಹ ಗ್ರಾಹಿ. ಅದು ಆಲ್ಕೊಹಾಲಿನಿಂದ ಹೈಡ್ರೋಜನ್ ಪಡೆದು ಐಸೊಪ್ರೊಪೈಲ್ ಆಲ್ಕೊಹಾಲ್ ಆಗುತ್ತದೆ, ಮೂಲ ಆಲ್ಕೊಹಾಲು ಕೀಟೋನ್ ಆಗುತ್ತದೆ. ಹಾಲಿನ ಗುಣಮಟ್ಟ ತಿಳಿಯಲು ಮಾಡುವ ಮೆಥಿಲೀನ್ ಬ್ಲೂ ಪರೀಕ್ಷೆಯೂ ಇದೇ ಬಗೆಯದು. ಹಾಲಿನಲ್ಲಿ ಬ್ಯಾಕ್ಟೀರಿಯಾಗಳು ಹೆಚ್ಚಾಗಿದ್ದರೆ ಕರಗಿದ ಆಮ್ಲಜನಕ ಬೇಗ ತೀರುತ್ತದೆ. ಆಗ ನೀಲಿ ಬಣ್ಣದ ವಸ್ತು ಹೈಡ್ರೋಜನನ್ನು ಸ್ವೀಕರಿಸಿ ಬಣ್ಣ ಕಳೆದುಕೊಳ್ಳುತ್ತದೆ. ಬಣ್ಣ ಎಷ್ಟು ಬೇಗ ಹೋಗುತ್ತದೆಯೋ ಹಾಲು ಅಷ್ಟು ಕೆಟ್ಟಿದೆ ಎಂದು ತಿಳಿಯಬೇಕು.

ಬಂಧದ ಸ್ವರೂಪ

ಎರಡು ಪರಮಾಣುಗಳು ಹಂಚಿಕೊಂಡ ಎಲೆಕ್ಟ್ರಾನುಗಳನ್ನು ತನ್ನೆಡೆಗೆ ಎಳೆದುಕೊಳ್ಳುವ ಶಕ್ತಿಗೆ ವಿದ್ಯುದೃಣೀಯತೆ ಎಂದು ಹೆಸರು. ಪೌಲಿಂಗ್ ಮಾನದಲ್ಲಿ ಹೈಡ್ರೋಜನಿನ ವಿದ್ಯುದೃಣೀಯತೆ 2.20, ಇಂಗಾಲದ್ದು 2.55, ಸಾರಜನಕದ್ದು 3.04, ಆಮ್ಲಜನಕದ್ದು 3.44 ಮತ್ತು ಫ್ಲೋರಿನಿನದು 3.98. ಹೈಡ್ರೋಜನ್ ಆಮ್ಲಜನಕಕ್ಕೆ ಬಂಧಿತವಾದಾಗ ಎಲೆಕ್ಟ್ರಾನುಗಳು ಆಮ್ಲಜನಕದ ಕಡೆಗೆ ಸರಿಯುತ್ತವೆ. ಹೈಡ್ರೋಜನಿಗೆ ಒಳಪದರದ ಎಲೆಕ್ಟ್ರಾನುಗಳಿಲ್ಲ. ಆದ್ದರಿಂದ ಅದರ ಧನಾವೇಶ ಬಹುಮಟ್ಟಿಗೆ ಬಯಲಾಗುತ್ತದೆ. ಹತ್ತಿರದಲ್ಲಿ ಬಂಧಕ್ಕೆ ಬಳಕೆಯಾಗದ ಒಂಟಿ ಎಲೆಕ್ಟ್ರಾನ್ ಜೋಡಿಯುಳ್ಳ ಪರಮಾಣುವಿದ್ದರೆ ಎರಡರ ನಡುವೆ ಆಕರ್ಷಣೆ ಉಂಟಾಗುತ್ತದೆ. ಆ ಎರಡನೆಯ ಪರಮಾಣುವೇ ಗ್ರಾಹಿ.

ಈ ಬಂಧ ಸಾಮಾನ್ಯ ಸಹವೇಲೆನ್ಸೀಯ ಬಂಧಕ್ಕಿಂತ ಬಹಳ ದುರ್ಬಲ. ನೀರಿನ ಅಣುವಿನೊಳಗಿನ ಆಮ್ಲಜನಕ ಮತ್ತು ಹೈಡ್ರೋಜನ್ ಬಂಧವನ್ನು ಮುರಿಯಲು ಮೋಲಿಗೆ ಸುಮಾರು 460 ಕಿಲೋಜೌಲ್ ಬೇಕು. ನೀರಿನ ಎರಡು ಅಣುಗಳ ನಡುವಿನ ಹೈಡ್ರೋಜನ್ ಬಂಧಕ್ಕೆ ಸುಮಾರು 20 ಕಿಲೋಜೌಲ್ ಸಾಕು. ಮುರಿಯುವುದೂ ಮತ್ತೆ ಕೂಡುವುದೂ ಸುಲಭವಾದ್ದರಿಂದಲೇ ಈ ಬಂಧ ಜೀವಿಗಳಲ್ಲಿಯೂ ವಸ್ತುಗಳಲ್ಲಿಯೂ ಇಷ್ಟು ಉಪಯುಕ್ತವಾಗಿದೆ.

ನೀರಿನ ಒಂದು ಅಣು ಎರಡು ಹೈಡ್ರೋಜನುಗಳನ್ನು ದಾನ ಮಾಡಬಲ್ಲದು. ಅದರ ಆಮ್ಲಜನಕದ ಮೇಲಿನ ಎರಡು ಒಂಟಿ ಜೋಡಿಗಳು ಇನ್ನೆರಡನ್ನು ಸ್ವೀಕರಿಸಬಲ್ಲವು. ಹೀಗೆ ದಾನ ಮತ್ತು ಗ್ರಹಣ ಎರಡರಲ್ಲೂ ಸಮರ್ಥವಾದ ನೀರು ಬೇರೆಲ್ಲ ಗ್ರಾಹಿಗಳಿಗೂ ದಾನಿಗಳಿಗೂ ದೊಡ್ಡ ಪ್ರತಿಸ್ಪರ್ಧಿ.

ವ್ಯಾಖ್ಯೆಯ ಇತಿಹಾಸ

ಹೈಡ್ರೋಜನ್ ಬಂಧದ ಕಲ್ಪನೆಯನ್ನು ಸ್ಪಷ್ಟವಾಗಿ ಮಂಡಿಸಿದ ಆರಂಭದ ಪ್ರಬಂಧಗಳಲ್ಲಿ 1920ರಲ್ಲಿ ಲ್ಯಾಟಿಮರ್ ಮತ್ತು ರೋಡಬುಶ್ ಬರೆದದ್ದು ಮುಖ್ಯವಾದುದು. 1939ರಲ್ಲಿ ಪ್ರಕಟವಾದ ರಾಸಾಯನಿಕ ಬಂಧವನ್ನು ಕುರಿತ ಲೈನಸ್ ಪೌಲಿಂಗ್ ಅವರ ಗ್ರಂಥ ಈ ಕಲ್ಪನೆಯನ್ನು ಎಲ್ಲೆಡೆ ಹರಡಿತು. 1951ರಲ್ಲಿ ಪೌಲಿಂಗ್ ಮತ್ತು ಅವರ ಸಹೋದ್ಯೋಗಿಗಳು ಪ್ರೋಟೀನುಗಳ ಆಲ್ಫಾ ಸುರುಳಿ ಹಾಗೂ ಬೀಟಾ ಹಾಳೆಗಳ ರಚನೆಯನ್ನು ವಿವರಿಸಿದರು. ಎರಡರಲ್ಲೂ ಒಂದು ಅಮೈಡ್ ಗುಂಪಿನ ಸಾರಜನಕ ತನ್ನ ಹೈಡ್ರೋಜನನ್ನು ಒಡ್ಡುತ್ತದೆ, ಮತ್ತೊಂದು ಅಮೈಡ್ ಗುಂಪಿನ ಕಾರ್ಬೊನಿಲ್ ಆಮ್ಲಜನಕ ಅದನ್ನು ಸ್ವೀಕರಿಸುತ್ತದೆ.

ಬಹುಕಾಲ ಪಠ್ಯಪುಸ್ತಕಗಳು ಗ್ರಾಹಿಗಳನ್ನು ಫ್ಲೋರಿನ್, ಆಮ್ಲಜನಕ ಮತ್ತು ಸಾರಜನಕಗಳಿಗೆ ಸೀಮಿತಗೊಳಿಸಿದ್ದವು. ಪ್ರಯೋಗಗಳು ಹೆಚ್ಚಿದಂತೆ ಈ ಮಿತಿ ಸಾಲದಾಯಿತು. ಶುದ್ಧ ಮತ್ತು ಅನ್ವಯಿಕ ರಸಾಯನಶಾಸ್ತ್ರದ ಅಂತಾರಾಷ್ಟ್ರೀಯ ಒಕ್ಕೂಟ (ಐಯುಪಿಎಸಿ) ಹೊಸ ವ್ಯಾಖ್ಯೆಗಾಗಿ ತಜ್ಞರ ತಂಡವನ್ನು ರಚಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಇ. ಅರುಣನ್ ಅದರ ಅಧ್ಯಕ್ಷರಾಗಿದ್ದರು. ಅದೇ ಸಂಸ್ಥೆಯ ಗೌತಮ್ ದೇಸಿರಾಜು ಸದಸ್ಯರಲ್ಲಿ ಒಬ್ಬರು. 2011ರಲ್ಲಿ ಪ್ರಕಟವಾದ ಈ ವ್ಯಾಖ್ಯೆಯ ಪ್ರಕಾರ ದಾನಿ ಪರಮಾಣು ಹೈಡ್ರೋಜನಿಗಿಂತ ಹೆಚ್ಚು ವಿದ್ಯುದೃಣೀಯವಾಗಿರಬೇಕು. ಗ್ರಾಹಿ ಒಂದು ಪರಮಾಣುವಾಗಿರಬಹುದು ಅಥವಾ ಪರಮಾಣುಗಳ ಗುಂಪಾಗಿರಬಹುದು. ಅದು ಅದೇ ಅಣುವಿನಲ್ಲಿರಬಹುದು ಅಥವಾ ಬೇರೆ ಅಣುವಿನಲ್ಲಿರಬಹುದು. ಆದರೆ ಬಂಧ ಏರ್ಪಟ್ಟಿರುವುದಕ್ಕೆ ಪುರಾವೆ ಇರಬೇಕು. ಬೆಂಜೀನ್ ಉಂಗುರದ ಎಲೆಕ್ಟ್ರಾನ್ ಮೋಡವೂ ಗ್ರಾಹಿಯಾಗಬಹುದೆಂಬುದು ಇದರಿಂದ ಅಂಗೀಕೃತವಾಯಿತು. 2018ರಲ್ಲಿ ಅರುಣನ್ ಮತ್ತು ಸಹೋದ್ಯೋಗಿಗಳು ಹೈಡ್ರೋಜನ್ ಸಲ್ಫೈಡಿನ ಎರಡು ಅಣುಗಳ ಜೋಡಿಯಲ್ಲಿಯೂ ಹೈಡ್ರೋಜನ್ ಬಂಧವಿದೆ ಎಂಬುದನ್ನು ಮೈಕ್ರೋವೇವ್ ರೋಹಿತದಿಂದ ತೋರಿಸಿದರು. ಅಲ್ಲಿ ಗಂಧಕವೇ ಗ್ರಾಹಿ.

ಇದೇ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ ಇದೆ. ಅಲ್ಲಿ ಶಾಲಾ ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ಪ್ರಯೋಗಾಧಾರಿತ ತರಬೇತಿ ನಡೆಯುತ್ತದೆ.

ಗ್ರಾಹಿಗಳ ಬಲಾಬಲ

ಎಲ್ಲ ಗ್ರಾಹಿಗಳೂ ಸಮಾನವಲ್ಲ. ಎಲೆಕ್ಟ್ರಾನ್ ಜೋಡಿ ಎಷ್ಟು ಸುಲಭವಾಗಿ ದೊರೆಯುತ್ತದೆ ಎಂಬುದರ ಮೇಲೆ ಬಲ ನಿಂತಿದೆ. ಫಾಸ್ಫೀನ್ ಆಕ್ಸೈಡ್, ಸಲ್ಫಾಕ್ಸೈಡ್, ಅಮೈಡ್ ಮತ್ತು ಪಿರಿಡೀನ್ ಬಲವಾದ ಗ್ರಾಹಿಗಳು. ಕೀಟೋನ್, ಈಥರ್ ಮತ್ತು ಎಸ್ಟರ್ ಮಧ್ಯಮ ಬಲದವು. ಇಂಗಾಲಕ್ಕೆ ಬಂಧಿತವಾದ ಫ್ಲೋರಿನ್ ಮತ್ತು ಕ್ಲೋರಿನ್ ದುರ್ಬಲ ಗ್ರಾಹಿಗಳು. ಆದರೆ ಸ್ವತಂತ್ರ ಫ್ಲೋರೈಡ್ ಅಯಾನು ಅತ್ಯಂತ ಪ್ರಬಲ ಗ್ರಾಹಿ. ಅದು ಹೈಡ್ರೋಜನ್ ಫ್ಲೋರೈಡಿನೊಡನೆ ಏರ್ಪಡಿಸುವ ಬಂಧದ ಬಲ ಮೋಲಿಗೆ ಸುಮಾರು 160 ಕಿಲೋಜೌಲ್. ಅಮೈಡಿನಲ್ಲಿ ಹೈಡ್ರೋಜನನ್ನು ಸ್ವೀಕರಿಸುವುದು ಸಾರಜನಕವಲ್ಲ, ಆಮ್ಲಜನಕ. ಸಾರಜನಕದ ಒಂಟಿ ಜೋಡಿ ಕಾರ್ಬೊನಿಲ್ ಗುಂಪಿನ ಕಡೆಗೆ ಹರಡಿಕೊಂಡಿರುವುದೇ ಇದಕ್ಕೆ ಕಾರಣ.

ದ್ರಾವಕಗಳ ಗ್ರಾಹಿ ಶಕ್ತಿಯನ್ನು ಅಳೆಯಲು ಕ್ಯಾಮ್ಲೆಟ್ ಮತ್ತು ಟ್ಯಾಫ್ಟ್ 1976ರಲ್ಲಿ ಬೀಟಾ ಮಾನವನ್ನು ರೂಪಿಸಿದರು. ಔಷಧ ಸಂಶೋಧನೆಯಲ್ಲಿ ಗ್ರಾಹಿಗಳ ಸಂಖ್ಯೆಗೂ ಮಹತ್ತ್ವವಿದೆ. 1997ರಲ್ಲಿ ಲಿಪಿನ್‌ಸ್ಕಿ ಮಂಡಿಸಿದ ಸೂತ್ರದಂತೆ, ಬಾಯಿಯ ಮೂಲಕ ಸೇವಿಸುವ ಔಷಧದ ಅಣುವಿನಲ್ಲಿ ಸಾಮಾನ್ಯವಾಗಿ ಹತ್ತಕ್ಕಿಂತ ಹೆಚ್ಚು ಗ್ರಾಹಿಗಳೂ ಐದಕ್ಕಿಂತ ಹೆಚ್ಚು ದಾನಿಗಳೂ ಇರಬಾರದು. ಗ್ರಾಹಿಗಳು ಹೆಚ್ಚಾದರೆ ಅಣು ನೀರಿಗೆ ಅಂಟಿಕೊಂಡು, ಕರುಳಿನ ಕೋಶಪೊರೆಯನ್ನು ದಾಟಲು ಕಷ್ಟಪಡುತ್ತದೆ.

ರಾಸಾಯನಿಕ ಕ್ರಿಯೆಗಳಲ್ಲಿ ಪಾತ್ರ

ಒಂದೇ ಅಣುವಿನೊಳಗೆ ದಾನಿ ಮತ್ತು ಗ್ರಾಹಿ ಹತ್ತಿರವಿದ್ದರೆ ಅವು ತಮ್ಮಲ್ಲೇ ಬಂಧ ಏರ್ಪಡಿಸಿಕೊಳ್ಳುತ್ತವೆ. ಆರ್ಥೊ ನೈಟ್ರೊಫೀನಾಲಿನಲ್ಲಿ ಹೈಡ್ರಾಕ್ಸಿಲ್ ಗುಂಪಿನ ಹೈಡ್ರೋಜನನ್ನು ಪಕ್ಕದ ನೈಟ್ರೊ ಗುಂಪು ಸ್ವೀಕರಿಸುತ್ತದೆ. ಪ್ಯಾರಾ ನೈಟ್ರೊಫೀನಾಲಿನಲ್ಲಿ ಎರಡೂ ಗುಂಪುಗಳು ದೂರವಿರುವುದರಿಂದ ಒಂದು ಅಣು ಮತ್ತೊಂದು ಅಣುವಿಗೆ ಕೊಂಡಿಯಾಗುತ್ತದೆ. ಆದ್ದರಿಂದ ಮೊದಲನೆಯದು ಸುಮಾರು 45 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಎರಡನೆಯದು ಸುಮಾರು 114 ಡಿಗ್ರಿಯಲ್ಲಿ ಕರಗುತ್ತದೆ. ಪದವಿಪೂರ್ವ ಪ್ರಯೋಗಾಲಯದಲ್ಲಿ ಇವೆರಡನ್ನು ಹಬೆಯ ಬಟ್ಟಿ ಇಳಿಸುವಿಕೆಯಿಂದ ಬೇರ್ಪಡಿಸಲು ಸಾಧ್ಯವಾಗುವುದು ಇದರಿಂದಲೇ. ಹಬೆಯೊಡನೆ ಮೇಲೇರುವುದು ಆರ್ಥೊ ರೂಪ.

ಆಮ್ಲದ ಬಲವನ್ನೂ ಗ್ರಾಹಿ ಬದಲಿಸುತ್ತದೆ. ಸ್ಯಾಲಿಸಿಲಿಕ್ ಆಮ್ಲ ತನ್ನ ಪ್ರೋಟಾನನ್ನು ಬಿಟ್ಟುಕೊಟ್ಟಾಗ ಉಳಿಯುವ ಋಣ ಅಯಾನು ಪಕ್ಕದ ಹೈಡ್ರಾಕ್ಸಿಲ್ ಹೈಡ್ರೋಜನನ್ನು ಸ್ವೀಕರಿಸಿ ಸ್ಥಿರವಾಗುತ್ತದೆ. ಹೈಡ್ರಾಕ್ಸಿಲ್ ದೂರದಲ್ಲಿರುವ ಪ್ಯಾರಾ ರೂಪಕ್ಕೆ ಈ ಆಸರೆ ಇಲ್ಲ. ಹೀಗಾಗಿ ಸ್ಯಾಲಿಸಿಲಿಕ್ ಆಮ್ಲವು ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಪ್ರಬಲ.

ಕ್ರಿಯೆಯ ವೇಗದ ಮೇಲೆ ದ್ರಾವಕ ಬೀರುವ ಪ್ರಭಾವ ಇನ್ನೂ ದೊಡ್ಡದು. ಮೀಥೈಲ್ ಅಯೊಡೈಡಿನೊಡನೆ ವರ್ತಿಸಬೇಕಾದ ಕ್ಲೋರೈಡ್ ಅಯಾನು ಸ್ವತಃ ಒಂದು ಗ್ರಾಹಿ. ಮೆಥನಾಲಿನಲ್ಲಿ ದ್ರಾವಕದ ಹೈಡ್ರೋಜನುಗಳು ಆ ಅಯಾನನ್ನು ಸುತ್ತುವರಿದು ಕಟ್ಟಿಹಾಕುತ್ತವೆ. ಡೈಮೀಥೈಲ್ ಫಾರ್ಮಮೈಡ್ ಒಳ್ಳೆಯ ಗ್ರಾಹಿಯಾದರೂ ಅದಕ್ಕೆ ದಾನ ಮಾಡಲು ಹೈಡ್ರೋಜನ್ ಇಲ್ಲ. ಅದು ಧನ ಅಯಾನನ್ನು ಹಿಡಿದಿಟ್ಟುಕೊಂಡು ಕ್ಲೋರೈಡನ್ನು ಮುಕ್ತವಾಗಿ ಬಿಡುತ್ತದೆ. ಪರಿಣಾಮವಾಗಿ ಅದೇ ಕ್ರಿಯೆ ಮೆಥನಾಲಿನಲ್ಲಿ ನಡೆಯುವುದಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ವೇಗವಾಗಿ ನಡೆಯುತ್ತದೆ. ಇಲ್ಲಿ ಬದಲಾದದ್ದು ಕ್ಲೋರೈಡಿನ ಗುಣವಲ್ಲ, ಅದರ ಸುತ್ತಲಿನ ಪೈಪೋಟಿ.

ಕಿಣ್ವಗಳು ಇದೇ ತತ್ತ್ವವನ್ನು ತಿರುಗಿಸಿ ಬಳಸುತ್ತವೆ. ಪ್ರೋಟೀನನ್ನು ತುಂಡರಿಸುವ ಕೈಮೊಟ್ರಿಪ್ಸಿನ್ ಕಿಣ್ವದಲ್ಲಿ ಒಂದು ಸಣ್ಣ ಕುಳಿಯಿದೆ. ಕ್ರಿಯೆಯ ನಡುವೆ ಕಾರ್ಬೊನಿಲ್ ಆಮ್ಲಜನಕದ ಮೇಲೆ ಋಣಾವೇಶ ಹೆಚ್ಚಿದಾಗ ಆ ಕುಳಿಯಲ್ಲಿರುವ ಎರಡು ಹೈಡ್ರೋಜನುಗಳು ಅದಕ್ಕೆ ಆಸರೆ ನೀಡುತ್ತವೆ. ಗ್ರಾಹಿಗೆ ಬೇಕಾದ ಕ್ಷಣದಲ್ಲಿ, ಬೇಕಾದ ಸ್ಥಳದಲ್ಲಿ ದಾನಿಯನ್ನು ಒದಗಿಸುವುದು ಕಿಣ್ವದ ಕೌಶಲ.

ಪಾಲಿಮರ್ ಮಿಶ್ರಣಗಳಲ್ಲಿ ಪಾತ್ರ

ಸಣ್ಣ ಅಣುಗಳ ದ್ರವಗಳು ಬೆರೆಯುವಾಗ ಅಸ್ತವ್ಯಸ್ತತೆಯ ಅಳತೆಯಾದ ಎಂಟ್ರೊಪಿ ಹೆಚ್ಚುತ್ತದೆ. ಅದು ಬೆರೆಯುವಿಕೆಗೆ ಸಹಕಾರಿ. ಪಾಲಿಮರಿನಲ್ಲಿ ಸಾವಿರಾರು ಘಟಕಗಳು ಒಂದೇ ಸರಪಳಿಯಾಗಿ ಪೋಣಿಸಲ್ಪಟ್ಟಿರುವುದರಿಂದ ಈ ಲಾಭ ಬಹಳ ಕಡಿಮೆ. 1941–42ರ ಫ್ಲೋರಿ ಮತ್ತು ಹಗಿನ್ಸ್ ಸಿದ್ಧಾಂತ ಇದನ್ನು ಗಣಿತರೂಪದಲ್ಲಿ ತೋರಿಸಿತು. ಆದ್ದರಿಂದ ಬೇರೆ ಬೇರೆ ಪಾಲಿಮರುಗಳನ್ನು ಕರಗಿಸಿ ಕಲಸಿದರೂ ಬಹುತೇಕ ಜೋಡಿಗಳು ತಣ್ಣಗಾದಾಗ ಪ್ರತ್ಯೇಕ ಕಣಗಳಾಗಿ ಉಳಿಯುತ್ತವೆ. ಅವು ಕೂಡುವ ಗಡಿಯಲ್ಲಿ ವಸ್ತು ಸುಲಭವಾಗಿ ಬಿರುಕು ಬಿಡುತ್ತದೆ. ಹಲವು ಬಗೆಯ ಪ್ಲಾಸ್ಟಿಕ್ ತ್ಯಾಜ್ಯವನ್ನು ಒಟ್ಟಿಗೆ ಕರಗಿಸಿ ಗಟ್ಟಿ ವಸ್ತು ಮಾಡಲಾಗದಿರುವುದಕ್ಕೆ ಇದೊಂದು ಮುಖ್ಯ ಕಾರಣ.

ಈ ತೊಡಕನ್ನು ದಾಟಲು ಎರಡು ಸರಪಳಿಗಳ ನಡುವೆ ನಿರ್ದಿಷ್ಟ ಆಕರ್ಷಣೆ ಬೇಕು. ಒಂದರಲ್ಲಿ ದಾನಿಯೂ ಇನ್ನೊಂದರಲ್ಲಿ ಗ್ರಾಹಿಯೂ ಇದ್ದರೆ ಅದು ಸಾಧ್ಯ. ಪಾಲಿಸ್ಟೈರೀನ್ ಮತ್ತು ಪಾಲಿಮೀಥೈಲ್ ಮೆಥಾಕ್ರಿಲೇಟ್ ಬೆರೆಯುವುದಿಲ್ಲ. ಎರಡನೆಯದರಲ್ಲಿ ಎಸ್ಟರ್ ಕಾರ್ಬೊನಿಲ್ ಎಂಬ ಗ್ರಾಹಿಯಿದೆ, ಆದರೆ ಮೊದಲನೆಯದರಲ್ಲಿ ತಕ್ಕ ದಾನಿಯಿಲ್ಲ. ಪಾಲಿಸ್ಟೈರೀನ್ ಸರಪಳಿಯಲ್ಲಿ ಅಲ್ಲಲ್ಲಿ ಪ್ರಬಲ ಹೈಡ್ರಾಕ್ಸಿಲ್ ಗುಂಪುಗಳನ್ನು ಸೇರಿಸಿದರೆ, ಅವು ನೂರಕ್ಕೆ ಕೆಲವೇ ಘಟಕಗಳಲ್ಲಿದ್ದರೂ, ಎರಡೂ ಒಂದಾಗಿ ಬೆರೆಯುತ್ತವೆ.

ಈ ಕ್ಷೇತ್ರದಲ್ಲಿ ಹೆಚ್ಚು ಅಧ್ಯಯನಗೊಂಡ ದಾನಿ ಪಾಲಿವಿನೈಲ್ ಫೀನಾಲ್. ಹೆಚ್ಚು ಬಳಕೆಯ ಗ್ರಾಹಿ ಪಾಲಿವಿನೈಲ್ ಪೈರೊಲಿಡೋನ್. ಕೋಲ್ಮನ್ ಮತ್ತು ಪೇಂಟರ್ ಮುಂತಾದವರು ರೂಪಿಸಿದ ಸಿದ್ಧಾಂತ ಎರಡು ಬಗೆಯ ಸಾಂಗತ್ಯವನ್ನು ಹೋಲಿಸುತ್ತದೆ. ದಾನಿ ಗುಂಪುಗಳು ತಮ್ಮತಮ್ಮಲ್ಲೇ ಕೂಡಿಕೊಳ್ಳುವುದು ಸ್ವಸಾಂಗತ್ಯ. ಮತ್ತೊಂದು ಪಾಲಿಮರಿನ ಗ್ರಾಹಿಯೊಡನೆ ಕೂಡುವುದು ಪರಸಾಂಗತ್ಯ. ಎರಡನೆಯದು ಮೇಲುಗೈ ಪಡೆದಾಗ ಮಿಶ್ರಣ ಏಕರೂಪವಾಗುತ್ತದೆ. ಮೊದಲನೆಯದು ಬಲವಾಗಿದ್ದರೆ ಒಳ್ಳೆಯ ಗ್ರಾಹಿಯಿದ್ದರೂ ಪ್ರಯೋಜನವಾಗದು.

ಪಾಲಿಅಕ್ರಿಲಿಕ್ ಆಮ್ಲ ಮತ್ತು ಪಾಲಿಎಥಿಲೀನ್ ಆಕ್ಸೈಡ್ ಬೇರೆಬೇರೆಯಾಗಿ ನೀರಿನಲ್ಲಿ ಕರಗುತ್ತವೆ. ಆಮ್ಲೀಯ ನೀರಿನಲ್ಲಿ ಎರಡನ್ನೂ ಕೂಡಿಸಿದಾಗ ಕಾರ್ಬಾಕ್ಸಿಲ್ ಹೈಡ್ರೋಜನುಗಳನ್ನು ಈಥರ್ ಆಮ್ಲಜನಕಗಳು ಸ್ವೀಕರಿಸಿ ಗಟ್ಟಿ ಸಂಕೀರ್ಣವೊಂದು ತಳಕ್ಕಿಳಿಯುತ್ತದೆ. ಕ್ಷಾರ ಬೆರೆಸಿದರೆ ಕಾರ್ಬಾಕ್ಸಿಲ್ ಗುಂಪು ತನ್ನ ಹೈಡ್ರೋಜನನ್ನು ಕಳೆದುಕೊಳ್ಳುತ್ತದೆ. ಸಂಕೀರ್ಣ ಮತ್ತೆ ಕರಗಿಹೋಗುತ್ತದೆ. ದಾನಿಯಿಲ್ಲದ ಗ್ರಾಹಿ ನಿರುಪಯೋಗಿ ಎಂಬುದಕ್ಕೆ ಇದು ಸರಳ ಪ್ರಮಾಣ.

ಮಿಶ್ರಣದಲ್ಲಿ ಬಂಧ ಏರ್ಪಟ್ಟಿದೆಯೇ ಎಂಬುದನ್ನು ಅವಗೆಂಪು ರೋಹಿತದಿಂದ ತಿಳಿಯಬಹುದು. ಮುಕ್ತ ಎಸ್ಟರ್ ಕಾರ್ಬೊನಿಲ್ ಸೆಂಟಿಮೀಟರಿಗೆ ಸುಮಾರು 1730 ತರಂಗಗಳ ಬಳಿ ಬೆಳಕನ್ನು ಹೀರುತ್ತದೆ. ಅದು ಫೀನಾಲ್ ಹೈಡ್ರೋಜನನ್ನು ಸ್ವೀಕರಿಸಿದಾಗ ಈ ಸಂಖ್ಯೆ ಇಪ್ಪತ್ತು ಇಪ್ಪತ್ತೈದರಷ್ಟು ಇಳಿಯುತ್ತದೆ. ಗಾಜಿನಂತಹ ಗಡಸು ಸ್ಥಿತಿಯಿಂದ ಮೆದುವಾಗುವ ತಾಪವನ್ನು ಅಳೆಯುವುದು ಇನ್ನೊಂದು ವಿಧಾನ. ಚೆನ್ನಾಗಿ ಬೆರೆತ ಮಿಶ್ರಣಕ್ಕೆ ಇಂತಹ ಒಂದೇ ತಾಪ, ಬೆರೆಯದ ಮಿಶ್ರಣಕ್ಕೆ ಎರಡು.

ಔಷಧ ಕ್ಷೇತ್ರದಲ್ಲಿ ಪಾಲಿವಿನೈಲ್ ಪೈರೊಲಿಡೋನ್, ಅಂದರೆ ಪೊವಿಡೋನ್, ಮಾತ್ರೆಗಳ ಅಂಟಾಗಿ ಬಳಕೆಯಲ್ಲಿದೆ. ಇಂಡೊಮೆಥಸಿನ್‌ನಂತಹ ನೀರಿನಲ್ಲಿ ಕರಗದ ಔಷಧದ ಹೈಡ್ರೋಜನನ್ನು ಅದರ ಕಾರ್ಬೊನಿಲ್ ಸ್ವೀಕರಿಸಿ, ಔಷಧದ ಅಣುಗಳು ತಮ್ಮಲ್ಲೇ ಕೂಡಿ ಹರಳುಗಟ್ಟದಂತೆ ತಡೆಯುತ್ತದೆ. ಮಾತ್ರೆಗಳನ್ನು ತೇವದಿಂದ ದೂರವಿಡಬೇಕೆಂಬ ಸೂಚನೆಗೆ ಇಲ್ಲಿಯೂ ಅರ್ಥವಿದೆ: ಒಳಹೊಕ್ಕ ನೀರು ಅದೇ ಕಾರ್ಬೊನಿಲ್ ಗುಂಪುಗಳನ್ನು ಆಕ್ರಮಿಸಿಕೊಂಡರೆ ಔಷಧ ಮತ್ತೆ ಹರಳುಗಟ್ಟಬಹುದು.

ರೇಷ್ಮೆ ಮತ್ತು ಕಂಬಳಿ

ಪ್ರಕೃತಿಯ ಪಾಲಿಮರುಗಳಲ್ಲಿ ಈ ತತ್ತ್ವ ಇನ್ನೂ ಸ್ಪಷ್ಟ. ಮೊಳಕಾಲ್ಮೂರು ಕೈಮಗ್ಗದ ರೇಷ್ಮೆ ಸೀರೆಗಳಿಗೆ ಹೆಸರಾದ ಊರು. ಇಲ್ಲಿನ ಸೀರೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ಹಿಪ್ಪುನೇರಳೆ ರೇಷ್ಮೆಯ ಕಚ್ಚಾ ಎಳೆ ಎರಡು ಪ್ರೋಟೀನುಗಳಿಂದ ಆದದ್ದು. ಒಳಗಿನ ಫೈಬ್ರೊಯಿನ್ ನಾರು ಮುಕ್ಕಾಲು ಪಾಲು. ಅದನ್ನು ಸುತ್ತುವರಿದ ಸೆರಿಸಿನ್ ಎಂಬ ಗೋಂದು ಸುಮಾರು ಕಾಲು ಪಾಲು. ಎರಡರಲ್ಲೂ ಅಮೈಡ್ ಗುಂಪುಗಳಿವೆ, ಎರಡರಲ್ಲೂ ಕಾರ್ಬೊನಿಲ್ ಗ್ರಾಹಿಗಳಿವೆ. ಆದರೂ ಸೋಪು ಮತ್ತು ಸೋಡಾ ಹಾಕಿದ ಕುದಿನೀರಿನಲ್ಲಿ ಸೆರಿಸಿನ್ ಕರಗಿ ಹೋಗುತ್ತದೆ, ಫೈಬ್ರೊಯಿನ್ ಉಳಿಯುತ್ತದೆ.

ವ್ಯತ್ಯಾಸ ಇರುವುದು ಜೋಡಣೆಯಲ್ಲಿ. ಫೈಬ್ರೊಯಿನಿನಲ್ಲಿ ಗ್ಲೈಸಿನ್, ಅಲನಿನ್ ಮತ್ತು ಸೆರಿನ್ ಎಂಬ ಚಿಕ್ಕ ಅಮೈನೊ ಆಮ್ಲಗಳು ಒಂದೇ ಕ್ರಮದಲ್ಲಿ ಮರುಕಳಿಸುತ್ತವೆ. ಸರಪಳಿಗಳು ಬೀಟಾ ಹಾಳೆಗಳಾಗಿ ಒತ್ತಾಗಿ ಕೂಡುತ್ತವೆ. ಪ್ರತಿಯೊಂದು ಗ್ರಾಹಿಗೂ ಪಕ್ಕದ ಸರಪಳಿಯಲ್ಲೇ ದಾನಿ ಸಿಕ್ಕಿರುವುದರಿಂದ ನೀರಿಗೆ ಒಳಪ್ರವೇಶವಿಲ್ಲ. ಸೆರಿಸಿನ್ ಹೈಡ್ರಾಕ್ಸಿಲ್ ಗುಂಪುಳ್ಳ ಸೆರಿನ್‌ನಿಂದ ಸಮೃದ್ಧವಾಗಿದ್ದು ಅದರ ಸರಪಳಿಗಳು ಸಡಿಲವಾಗಿವೆ. ಅಲ್ಲಿ ಬಿಸಿನೀರು ಪೈಪೋಟಿಯಲ್ಲಿ ಗೆಲ್ಲುತ್ತದೆ. ರೇಷ್ಮೆಗೆ ಹೊಳಪು ಬರುವುದು ಈ ಗೋಂದು ಹೋದ ಮೇಲೆ. ಫೈಬ್ರೊಯಿನನ್ನೂ ಕರಗಿಸಬೇಕಾದರೆ ಲಿಥಿಯಂ ಬ್ರೋಮೈಡಿನ ಗಾಢ ದ್ರಾವಣದಂತಹ ಪ್ರಬಲ ಪ್ರತಿಸ್ಪರ್ಧಿಯೇ ಬೇಕು.

ಚಳ್ಳಕೆರೆ ಸೀಮೆಯ ಕುರಿ ಉಣ್ಣೆಯ ಕಂಬಳಿ ಮತ್ತೊಂದು ನಿದರ್ಶನ. ಉಣ್ಣೆಯ ಕೆರಾಟಿನ್ ಪ್ರೋಟೀನಿನಲ್ಲಿ ಸರಪಳಿ ಆಲ್ಫಾ ಸುರುಳಿಯಾಗಿ ಸುತ್ತಿಕೊಂಡಿದೆ. ಅದರ ಅನೇಕ ಗ್ರಾಹಿ ಮತ್ತು ದಾನಿ ಗುಂಪುಗಳು ನೀರಾವಿಗೆ ತೆರೆದಿವೆ. ಶೇಕಡ 65ರ ಸಾಪೇಕ್ಷ ಆರ್ದ್ರತೆಯಲ್ಲಿ ಉಣ್ಣೆ ತನ್ನ ಒಣ ತೂಕದ ಸುಮಾರು ಶೇ. 16ರಷ್ಟು ತೇವವನ್ನು ಹೀರುತ್ತದೆ. ರೇಷ್ಮೆ ಸುಮಾರು 11, ಹತ್ತಿ ಸುಮಾರು 8, ನೈಲಾನ್ ಸುಮಾರು 4, ಪಾಲಿಯೆಸ್ಟರ್ ಸುಮಾರು 0.4. ಪಾಲಿಯೆಸ್ಟರಿನಲ್ಲಿಯೂ ಎಸ್ಟರ್ ಗ್ರಾಹಿಗಳು ಹೇರಳವಾಗಿವೆ, ಆದರೆ ದಾನಿಗಳಿಲ್ಲ ಮತ್ತು ಸರಪಳಿ ಒತ್ತಾಗಿದೆ. ನೀರಾವಿ ಉಣ್ಣೆಯ ಗುಂಪುಗಳೊಡನೆ ಬಂಧ ಏರ್ಪಡಿಸುವಾಗ ಶಾಖ ಹೊರಬೀಳುತ್ತದೆ. ಒಣ ಕಂಬಳಿಯನ್ನು ತೇವದ ಚಳಿಯಲ್ಲಿ ಹೊದೆದಾಗ ಬೆಚ್ಚಗೆನಿಸುವುದರಲ್ಲಿ ಇದರ ಪಾಲೂ ಇದೆ.

ಕಂಬಳಿ ನೇಯುವವರು ಹಾಸಿನ ಎಳೆಗಳಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ. ಆ ಬೀಜದ ಮುಖ್ಯ ಪಾಲಿಸ್ಯಾಕರೈಡ್ ಕ್ಸೈಲೊಗ್ಲೂಕನ್. ಗ್ಲೂಕೋಸ್ ಸರಪಳಿಗೆ ಕ್ಸೈಲೋಸ್ ಮತ್ತು ಗ್ಯಾಲಕ್ಟೋಸ್ ಕೊಂಬೆಗಳು ಸೇರಿದ ರಚನೆ ಅದರದು. ಅದರಲ್ಲಿ ಹೈಡ್ರಾಕ್ಸಿಲ್ ದಾನಿಗಳೂ ಆಮ್ಲಜನಕ ಗ್ರಾಹಿಗಳೂ ತುಂಬಿವೆ. ಗಂಜಿ ಒಣಗಿ ನೀರು ಹೊರಹೋದಂತೆ ಆ ಗುಂಪುಗಳು ಉಣ್ಣೆಯ ಗುಂಪುಗಳೊಡನೆ ಮತ್ತು ತಮ್ಮಲ್ಲೇ ಬಂಧ ಏರ್ಪಡಿಸಿಕೊಂಡು ಎಳೆಯನ್ನು ಬಿಗಿಗೊಳಿಸುತ್ತವೆ. ಮಗ್ಗದ ಉಜ್ಜಾಟವನ್ನು ಎಳೆ ತಡೆದುಕೊಳ್ಳುತ್ತದೆ. ನೆನೆಸಿದರೆ ನೀರು ಮತ್ತೆ ತನ್ನ ಸ್ಥಾನ ಪಡೆದು ಗಂಜಿ ಮೆದುವಾಗುತ್ತದೆ.

ಕಡಲೆಕಾಯಿ ಎಣ್ಣೆ ಮತ್ತು ಹರಳೆಣ್ಣೆ

ಚಳ್ಳಕೆರೆ ಕಡಲೆಕಾಯಿ ಮತ್ತು ಎಣ್ಣೆ ಗಿರಣಿಗಳಿಂದಾಗಿ ಎಣ್ಣೆ ನಗರಿ ಎಂದು ಪ್ರಸಿದ್ಧವಾಗಿದೆ. ಕಡಲೆಕಾಯಿ ಎಣ್ಣೆಯ ಒಂದು ಅಣುವಿನಲ್ಲಿ ಮೂರು ಎಸ್ಟರ್ ಗುಂಪುಗಳು, ಅಂದರೆ ಆರು ಆಮ್ಲಜನಕಗಳಿವೆ. ಗ್ರಾಹಿಗಳು ಇಷ್ಟಿದ್ದರೂ ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲ. ಉದ್ದನೆಯ ಇಂಗಾಲದ ಸರಪಳಿಗಳಿಗೆ ಎಡೆಮಾಡಿಕೊಡಲು ನೀರು ತನ್ನ ಪರಸ್ಪರ ಬಂಧಗಳ ಜಾಲವನ್ನೇ ಕದಡಿಕೊಳ್ಳಬೇಕಾಗುತ್ತದೆ. ಆರು ಆಮ್ಲಜನಕಗಳು ಆ ನಷ್ಟವನ್ನು ತುಂಬಲಾರವು.

ಬಯಲುಸೀಮೆಯ ಇನ್ನೊಂದು ಎಣ್ಣೆಕಾಳು ಹರಳು. ಹರಳೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಸುಮಾರು ಶೇ. 90ರಷ್ಟು ರಿಸಿನೊಲಿಕ್ ಆಮ್ಲ. ಅದರ ಹನ್ನೆರಡನೆಯ ಇಂಗಾಲದ ಮೇಲೆ ಒಂದು ಹೈಡ್ರಾಕ್ಸಿಲ್ ಗುಂಪಿದೆ. ಈ ಒಂದು ದಾನಿ ಬಂದೊಡನೆ ಅಣುಗಳು ಒಂದಕ್ಕೊಂದು ಕೊಂಡಿಯಾಗುತ್ತವೆ. ಹರಳೆಣ್ಣೆ ಕಡಲೆಕಾಯಿ ಎಣ್ಣೆಗಿಂತ ಸುಮಾರು ಹತ್ತು ಪಟ್ಟು ಮಂದವಾಗಿರುವುದೂ ಆಲ್ಕೊಹಾಲಿನಲ್ಲಿ ಸುಲಭವಾಗಿ ಬೆರೆಯುವುದೂ ಇದರಿಂದಲೇ.

ಫ್ಲೋರೈಡ್ ಮತ್ತು ಕುಡಿಯುವ ನೀರು

ಪರಶುರಾಂಪುರವು ಚಳ್ಳಕೆರೆ ತಾಲ್ಲೂಕಿನ ಹೋಬಳಿ ಕೇಂದ್ರ. ಮಳೆ ಕಡಿಮೆಯಿರುವ ಈ ಭಾಗದ ಜನ ಕೊಳವೆಬಾವಿಗಳನ್ನು ಬಹುವಾಗಿ ಅವಲಂಬಿಸಿದ್ದಾರೆ. ಚಿತ್ರದುರ್ಗ ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿಗಿಂತ ಹೆಚ್ಚಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ಜಲಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂ ಗರಿಷ್ಠ ಮಿತಿ. ಅದಕ್ಕಿಂತ ಹೆಚ್ಚಾದರೆ ಮಕ್ಕಳ ಹಲ್ಲುಗಳಲ್ಲಿ ಕಲೆ, ದೀರ್ಘಕಾಲದಲ್ಲಿ ಮೂಳೆ ಮತ್ತು ಕೀಲುಗಳ ಬಿಗಿತ ಕಾಣಿಸಿಕೊಳ್ಳುತ್ತದೆ.

ಫ್ಲೋರೈಡ್ ಅಯಾನನ್ನು ನೀರಿನಿಂದ ಬೇರ್ಪಡಿಸುವುದು ಕಷ್ಟವಾಗಿರುವುದಕ್ಕೆ ಅದರ ಪ್ರಬಲ ಗ್ರಾಹಿ ಗುಣವೇ ಒಂದು ದೊಡ್ಡ ಕಾರಣ. ನೀರಿನ ಅಣುಗಳು ತಮ್ಮ ಹೈಡ್ರೋಜನುಗಳನ್ನು ಅದರತ್ತ ಚಾಚಿ ಬಿಗಿಯಾದ ಕವಚವನ್ನು ಕಟ್ಟುತ್ತವೆ. ಹೀಗೆ ನೀರು ಸುತ್ತುವರಿಯುವಾಗ ಬಿಡುಗಡೆಯಾಗುವ ಶಕ್ತಿ ಕ್ಲೋರೈಡಿಗೆ ಮೋಲಿಗೆ ಸುಮಾರು 370 ಕಿಲೋಜೌಲ್ ಆದರೆ ಫ್ಲೋರೈಡಿಗೆ ಸುಮಾರು 510. ಸಾಮಾನ್ಯ ಅಯಾನು ವಿನಿಮಯ ರಾಳಗಳು ಬೇರೆ ಅಯಾನುಗಳನ್ನು ಮೊದಲು ಹಿಡಿದು ಫ್ಲೋರೈಡನ್ನು ಬಿಟ್ಟುಬಿಡುವುದು ಇದರಿಂದಲೇ. ಬಟ್ಟೆಯಲ್ಲಿ ಸೋಸಿದರೆ ಫ್ಲೋರೈಡ್ ಹೋಗುವುದಿಲ್ಲ. ಕುದಿಸಿದರೆ ನೀರು ಮಾತ್ರ ಆವಿಯಾಗಿ, ಉಳಿದ ನೀರಿನಲ್ಲಿ ಫ್ಲೋರೈಡಿನ ಸಾಂದ್ರತೆ ಹೆಚ್ಚುತ್ತದೆ.

ಆದ್ದರಿಂದ ನೀರಿಗಿಂತ ಗಟ್ಟಿಯಾಗಿ ಫ್ಲೋರೈಡನ್ನು ಹಿಡಿಯುವ ಅಥವಾ ನೀರಿನ ಕವಚದ ಸಮೇತ ಅದನ್ನು ತಡೆಯುವ ವಿಧಾನ ಬೇಕು. ಸಕ್ರಿಯ ಅಲ್ಯೂಮಿನಾದಲ್ಲಿ ಅಲ್ಯೂಮಿನಿಯಂ ಫ್ಲೋರೈಡಿನೊಡನೆ ನೇರ ಬಂಧ ಏರ್ಪಡಿಸಿ ನೀರನ್ನು ಸ್ಥಾನಪಲ್ಲಟಗೊಳಿಸುತ್ತದೆ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಸ್ಫಟಿಕ (ಪಟಿಕ) ಮತ್ತು ಸುಣ್ಣವನ್ನು ಬಳಸುತ್ತಾರೆ; ಅಲ್ಲಿಯೂ ಕೆಲಸ ಮಾಡುವುದು ಅಲ್ಯೂಮಿನಿಯಂ.

ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಸಾಮಾನ್ಯವಾಗಿ ಕಾಣುವುದು ರಿವರ್ಸ್ ಆಸ್ಮಾಸಿಸ್, ಅಂದರೆ ಆರ್‌ಒ ವಿಧಾನ. ಅದರ ಪೊರೆಯ ಕಾರ್ಯಕಾರಿ ಪದರ ಬಹಳ ತೆಳುವಾದ ಪಾಲಿಅಮೈಡ್. ಅದಕ್ಕೆ ಆಸರೆಯಾಗಿ ರಂಧ್ರಯುಕ್ತ ಪಾಲಿಸಲ್ಫೋನ್ ಇರುತ್ತದೆ. ಆಸರೆಯ ಪದರವನ್ನು ತಯಾರಿಸುವಾಗ ರಂಧ್ರಗಳು ಚೆನ್ನಾಗಿ ಮೂಡಲೆಂದು ಪೊವಿಡೋನ್ ಬೆರೆಸುವುದುಂಟು. ಪಾಲಿಅಮೈಡಿನ ಗ್ರಾಹಿ ಮತ್ತು ದಾನಿ ಗುಂಪುಗಳು ನೀರನ್ನು ಒಳಗೆ ಬರಮಾಡಿಕೊಳ್ಳುತ್ತವೆ. ದೊಡ್ಡ ಜಲಕವಚ ಹೊತ್ತ ಫ್ಲೋರೈಡ್ ಬಹುಮಟ್ಟಿಗೆ ಹೊರಗೆ ಉಳಿಯುತ್ತದೆ. ಬೇರ್ಪಡಿಸಲು ಅಡ್ಡಿಯಾಗಿದ್ದ ಕವಚವೇ ಇಲ್ಲಿ ನೆರವಿಗೆ ಬರುತ್ತದೆ.

ಈ ಪೊರೆಯ ದೌರ್ಬಲ್ಯವೂ ಹೈಡ್ರೋಜನ್ ಬಂಧಕ್ಕೆ ಸಂಬಂಧಿಸಿದ್ದು. ಕ್ಲೋರಿನ್ ಬೆರೆಸಿದ ನೀರು ನೇರವಾಗಿ ಪೊರೆಗೆ ತಗುಲಿದರೆ ಅಮೈಡ್ ಸಾರಜನಕದ ಮೇಲಿನ ಹೈಡ್ರೋಜನಿನ ಸ್ಥಾನವನ್ನು ಕ್ಲೋರಿನ್ ಆಕ್ರಮಿಸುತ್ತದೆ. ದಾನಿ ಹೋದೊಡನೆ ಗ್ರಾಹಿ ಕಾರ್ಬೊನಿಲ್ ಒಂಟಿಯಾಗುತ್ತದೆ, ಸರಪಳಿಗಳ ನಡುವಿನ ಕೊಂಡಿಗಳು ಕಳಚುತ್ತವೆ ಮತ್ತು ಕಾಲಕ್ರಮೇಣ ಪೊರೆ ಲವಣಗಳನ್ನು ತಡೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆರ್‌ಒ ಘಟಕದಲ್ಲಿ ನೀರನ್ನು ಮೊದಲು ಸಕ್ರಿಯ ಇದ್ದಿಲಿನ ಮೂಲಕ ಹಾಯಿಸುವುದು ಕ್ಲೋರಿನನ್ನು ತೆಗೆಯಲು. ಇದ್ದಿಲನ್ನು ಸಕಾಲದಲ್ಲಿ ಬದಲಿಸದಿದ್ದರೆ ನೀರು ನೋಡಲು ತಿಳಿಯಾಗಿದ್ದರೂ ಫ್ಲೋರೈಡ್ ದಾಟಿ ಬರಬಹುದು. ಫ್ಲೋರೈಡಿಗೆ ಬಣ್ಣವಿಲ್ಲ, ಅಲ್ಪ ಪ್ರಮಾಣದಲ್ಲಿ ರುಚಿಯೂ ತಿಳಿಯದು. ಆದ್ದರಿಂದ ಘಟಕದಿಂದ ಹೊರಬರುವ ನೀರನ್ನು ನಿಯತವಾಗಿ ಪರೀಕ್ಷಿಸುವುದು ಅಗತ್ಯ.